ಕರೆ ಮುಟ್ಟದ ಊರು

ಸಂಕ್ರಾಂತಿ ಕಳೆದು ಎಂಟು ದಿನವಾಗಿದ್ದರೂ ಬೆಳಗಿನ ಚಳಿ ಬಿಟ್ಟಿರಲಿಲ್ಲ. ತೊಗರಿ ಕೊಯ್ದ ಹೊಲದಲ್ಲಿ ಒಣ ಕೂಳೆಗಳ ಮೇಲೆ ಇಬ್ಬನಿ ಕೂತಿತ್ತು. ಲಕ್ಕವ್ವ ಕಂಬಳಿಯನ್ನು ತಲೆಯ ಮೇಲಿಂದ ಎಳೆದುಕೊಂಡು ಬಲೆಯ ದೊಡ್ಡಿಯ ಬಾಯಿ ಬಿಚ್ಚಿದಳು. ಒಳಗಿದ್ದ ಅರವತ್ತು ಮರಿಗಳು ಒಂದರ ಮೇಲೊಂದು ಬಿದ್ದು ಹೊರಗೆ ಬಂದವು.

ಕುರಿಯವರು ಈ ಕೆಲಸಕ್ಕೆ ಮರಿ ಕೂಡಿಸುವುದು ಎನ್ನುತ್ತಾರೆ. ನೋಡುವವರಿಗೆ ಅದು ಬರೀ ಗದ್ದಲ. ತಾಯಿಗಳೂ ಕೂಗುತ್ತವೆ, ಮರಿಗಳೂ ಕೂಗುತ್ತವೆ. ಆ ಕೂಗಾಟದ ನಡುವೆಯೇ ಪ್ರತಿ ತಾಯಿ ತನ್ನ ಮರಿಯ ದನಿ ಹಿಡಿದು ಬರುತ್ತದೆ, ಬಾಲದ ಬುಡ ಮೂಸುತ್ತದೆ, ತನ್ನದೇ ಎಂದು ಖಾತ್ರಿಯಾದ ಮೇಲೆ ಹಾಲಿಗೆ ನಿಲ್ಲುತ್ತದೆ. ದಾರಿ ತಪ್ಪಿದ ಒಂದೆರಡನ್ನು ಎತ್ತಿಕೊಡುವುದಷ್ಟೇ ಹೆಂಗಸರ ಕೆಲಸ. ಲಕ್ಕವ್ವ ಅದನ್ನು ಏಳು ವರ್ಷದ ಹುಡುಗಿಯಾಗಿದ್ದಾಗಿನಿಂದ ಮಾಡಿಕೊಂಡು ಬಂದವಳು.

ಅವತ್ತು ಮರಿಗಳಷ್ಟೇ ಕೂಗಿದವು. ತಾಯಿಗಳು ತಲೆ ಎತ್ತಿ ನೋಡಿದವು, ಮತ್ತೆ ಉದುರಿದ ತೊಗರಿ ಎಲೆಗೆ ಬಾಯಿ ಹಾಕಿದವು.

"ಏನ್ರೀ, ಇಲ್ಲಿ ಬರ್ರಿ. ಇವಕ್ಕೇನಾತು ನೋಡ್ರಿ," ಎಂದು ಗಂಡನನ್ನು ಕೂಗಿದಳು.

ಮಾಯಪ್ಪ ಕೋಲು ಊರಿಕೊಂಡು ಬಂದು ನೋಡಿದ. "ಏನಾಗೂದೈತಿ? ಮೂರು ದಿನ ಆತು, ಬರೀ ತೊಗರಿ ಹೊಟ್ಟು ತಿಂದಾವ. ಹೊಟ್ಟಿ ತುಂಬಿದ ಕುರಿ ಒದರೂದಿಲ್ಲ. ನಿನ್ನಂಗ ಅಲ್ಲ ಅವು."

"ನನ್ನ ಹೊಟ್ಟಿ ಯಾವಾಗ ತುಂಬಿಸಿದ್ರಿ, ಅದನ್ನ ಹೇಳ್ರಿ ಮೊದಲ."

ಸುಮ್ಮನಿದ್ದ ಕುರಿ ಸುಖವಾಗಿದೆ ಎಂಬುದು ಕುರಿಯವರು ತಲೆತಲಾಂತರದಿಂದ ನಂಬಿಕೊಂಡು ಬಂದದ್ದು. ಹಾಗೆ ನಂಬಿಯೇ ಇನ್ನೆರಡು ದಿನ ಅದೇ ಹೊಲದಲ್ಲಿ ಉಳಿದರು. ಹದಿನಾಲ್ಕು ಮರಿ ಸತ್ತವು, ಬಹಳಷ್ಟು ತಾಯಿಯ ಕಾಲಬುಡದಲ್ಲೇ. ಲಕ್ಕವ್ವ ಅವನ್ನು ಎತ್ತಿ ಹಳ್ಳದ ಆಚೆ ಹಾಕಿ ಬಂದು, ಕೈ ತೊಳೆದು, ರೊಟ್ಟಿ ಬಡಿದಳು. ತನಗೆ ಏನೂ ಅನ್ನಿಸಲಿಲ್ಲ ಎಂಬುದು ಅವಳಿಗೆ ಹೊಳೆದದ್ದು ಆಮೇಲೆ. ಗೊತ್ತು ಮಾಡಿದ ದಿನ ಮುಗಿದು ಹಿಂಡು ಗುಡ್ಡ ದಾಟಿ ಆಚೆಯ ಸೀಮೆಗೆ ಇಳಿಯಿತು. ಅಲ್ಲಿ ಇಳಿದು ತಾಸು ಕಳೆಯುವುದರೊಳಗೆ ಕುರಿಗಳು ಒಮ್ಮೆಲೇ ಒದರತೊಡಗಿದವು. ಮರಿ ಸತ್ತ ಹದಿನಾಲ್ಕು ತಾಯಿಗಳು ಬಂದ ದಾರಿಯತ್ತ ಮುಖ ಮಾಡಿ ಸಂಜೆತನಕ ಒದರಿದವು, ಮೇವು ಮುಟ್ಟಲಿಲ್ಲ. ಲಕ್ಕವ್ವನೂ ಕಲ್ಲಿನ ಮೇಲೆ ಕೂತು ಯಾಕೆಂದು ತಿಳಿಯದೆ ಅತ್ತಳು. ಹಿಂತಿರುಗಿ ನೋಡಿದರೆ ಗುಡ್ಡದ ನೆತ್ತಿಯ ಮೇಲೆ ಹೊಸ ಕಂಬ ಕಾಣುತ್ತಿತ್ತು. ಅವರು ಐದು ರಾತ್ರಿ ತಂಗಿದ್ದು ಅದರ ನೆರಳಿನಲ್ಲೇ.

ಮಾಯಪ್ಪ ಒಂದು ದಿನದ ದಾರಿ ನಡೆದು ಹೋಗಿ ಕಂಬದ ಬುಡದ ಕಚೇರಿಯಲ್ಲಿ ಮರಿಗಳ ಸಾವಿನ ಬಗ್ಗೆ ಅರ್ಜಿ ಕೊಟ್ಟು ಬಂದ. ವಾರದ ಮೇಲೆ ಅವನ ಫೋನಿಗೆ ಉತ್ತರ ಬಂತು: ಪರಿಶೀಲಿಸಲಾಗಿದೆ, ಸಂಬಂಧ ಕಂಡುಬಂದಿಲ್ಲ.

*

ಆ ಉತ್ತರ ಬರೆದವಳು ಪ್ರಫುಲ್ಲಾ. ಕಂಬದ ಬುಡದಲ್ಲಿ, ತಾಮ್ರದ ಜಾಲರಿ ಹೊದಿಸಿದ ಕೋಣೆಯಲ್ಲಿ ಕೂತು ಕಂಬ ಬಿಡುವ ಅಲೆಗಳ ಬಲ ನೋಡಿಕೊಳ್ಳುವ ಎಂಜಿನಿಯರು. ಜಾಲರಿಯ ಒಳಗೆ ಅಲೆ ಬರುವುದಿಲ್ಲ. ಯಂತ್ರ ನಡೆಸುವವರು ಎಚ್ಚರವಾಗಿರಬೇಕಲ್ಲ.

ಯೋಜನೆಯ ಹೆಸರು ಸಮಾಧಾನ. ಯಾರಾದರೂ ಕರೆದಾಗ, ಕೂಸು ಅತ್ತಾಗ, ಬಾಗಿಲು ಬಡಿದಾಗ ಮನುಷ್ಯನ ಮಿದುಳಿನಲ್ಲಿ ಒಂದು ಸಣ್ಣ ಜಾಗ ಬಿಗಿದುಕೊಳ್ಳುತ್ತದೆ. ಎದ್ದು ಹೋಗಿ ನೋಡುವ ತನಕ ಆ ಬಿಗಿ ಸಡಿಲುವುದಿಲ್ಲ. ನಿದ್ದೆಗೆಟ್ಟವರಲ್ಲಿ, ಚಿಂತೆಯಿಂದ ಸಾಯಲು ಹೊರಟವರಲ್ಲಿ ಅದು ಹಗಲಿರುಳೂ ಬಿಗಿದೇ ಇರುತ್ತದೆಂದು ಕಂಡುಹಿಡಿದವರು, ಅದನ್ನು ಸಡಿಲಿಸುವ ಅಲೆಯನ್ನೂ ಕಂಡುಹಿಡಿದರು. ಮೊದಲ ವರ್ಷ ದಿನಕ್ಕೆ ಎರಡು ತಾಸು ಮಾತ್ರ ಬಿಟ್ಟರು. ಜನ ನಿದ್ದೆ ಮಾಡಿದರು. ಬಾವಿಗೆ ಬೀಳುವವರು ಕಡಿಮೆಯಾದರು. ಜನರೇ ಇನ್ನಷ್ಟು ಬೇಕೆಂದು ಕೇಳಿದರು. ಸಂಕ್ರಾಂತಿಯ ದಿನ ಪೂರ್ತಿ ಬಲದಲ್ಲಿ, ಇಡೀ ದಿನ ಬಿಡಲು ಅಪ್ಪಣೆಯಾಯಿತು. ಪರದೆಯ ಮೇಲೆ ತಾಲ್ಲೂಕಿನ ದೂರುಗಳ ಗೆರೆ ಇಳಿಯುತ್ತ ಹೋಗಿ ನೆಲಕ್ಕೆ ಹತ್ತಿತು. ಮೇಲಿನ ಕಚೇರಿಯವರು ಅಭಿನಂದನೆ ಕಳಿಸಿದರು.

ಅದಾದ ಮೇಲೆ ಅವಳ ಜೋಡಿ ಕೆಲಸ ಮಾಡುವ ನಿಂಗರಾಜ ಒಂದು ಮಧ್ಯಾಹ್ನ ಊಟಕ್ಕೆ ಮನೆಗೆ ಹೋದವನು ತಿರುಗಿ ಬರಲಿಲ್ಲ. ಕೋಣೆಯಲ್ಲಿದ್ದುದು ತಾಲ್ಲೂಕಿನೊಳಗಷ್ಟೇ ಹತ್ತುವ ತಂತಿಯ ಫೋನು, ಮಾಡಿದರೆ ಎತ್ತುತ್ತಿದ್ದ. "ಹಾಂ ಮೇಡಮ್ಮಾರ, ಬರ್ತೇನ್ರಿ," ಎನ್ನುತ್ತಿದ್ದ. ಅವನು ಸುಳ್ಳು ಹೇಳುತ್ತಿರಲಿಲ್ಲ. ಬರಬೇಕೆಂದು ಅವನಿಗೆ ಗೊತ್ತಿತ್ತು, ಆದರೆ ಏಳುವಂತೆ ಮಾಡುವ ಬಿಗಿ ಒಳಗಿರಲಿಲ್ಲ. ಮೇಲಿನ ಕಚೇರಿಗೆ ಹೇಳಿದರೆ, "ನೋಡೋಣ" ಎಂದರು. ಅವರು ಯಾವಾಗಲೂ ಹಾಗೆಯೇ ಹೇಳುತ್ತಿದ್ದುದರಿಂದ, ಅವರಿಗೂ ಅದೇ ಆಗಿದೆಯೆಂದು ತಿಳಿಯಲು ಪ್ರಫುಲ್ಲಾಗೆ ನಾಲ್ಕು ದಿನ ಹಿಡಿಯಿತು.

ಬಲ ಇಳಿಸಬೇಕೆಂದರೂ ಕಂಬ ನಿಲ್ಲಿಸಬೇಕೆಂದರೂ ಎರಡು ಗೋಡೆಗಳ ಮೇಲಿನ ಎರಡು ಗಾಜಿನ ಹಲಗೆಗಳ ಮೇಲೆ ಇಬ್ಬರು ಐದು ನಿಮಿಷ ಒಟ್ಟಿಗೆ ಅಂಗೈ ಊರಬೇಕಿತ್ತು. ಒಬ್ಬರೇ ಬೇಸರದಲ್ಲಿ ನಿಲ್ಲಿಸಿಬಿಟ್ಟಾರು ಎಂದು ಹಾಗೆ ಮಾಡಿದ್ದರು. ಹಲಗೆಗೆ ಬಿಸುಪುಳ್ಳ ಕೈಯೇ ಬೇಕು. ಬಿಸಿನೀರಿನ ಚೀಲ ಕಟ್ಟಿ ನೋಡಿದಳು, ಆಗಲಿಲ್ಲ. ವಿದ್ಯುತ್ ಕಡಿದರೂ ಬಂಡೆಯೊಳಗೆ ಹೂತ ಬ್ಯಾಟರಿಗಳು ತಿಂಗಳುಗಟ್ಟಲೆ ನಡೆಸುತ್ತಿದ್ದವು. ಎರಡು ಸಲ ಗುಡ್ಡ ಇಳಿದು ಹೋಗಿ, ಕಂಡ ಕಂಡವರನ್ನು ಬನ್ನಿ ಎಂದು ಬೇಡಿಕೊಂಡಳು. ಎಲ್ಲರೂ ಆಗಲಿ ಎಂದರು, ಯಾರೂ ಬರಲಿಲ್ಲ. ಎರಡನೆಯ ಸಲ ಸಂಜೆಯಾಗುತ್ತ ಬಂದಾಗ ತಾನೂ ಒಂದು ಕಟ್ಟೆಯ ಮೇಲೆ ಆರಾಮಾಗಿ ಕೂತದ್ದು ಅರಿವಾಗಿ, ಹೆದರಿ ಓಡಿ ಬಂದಳು. ಆಚೆಯ ಸೀಮೆಗೆ ಒಂದು ದಿನದ ದಾರಿ, ನಡುವೆಯೇ ಕೂತುಬಿಟ್ಟೇನು ಎಂದು ಆಮೇಲೆ ಕೋಣೆ ಬಿಡಲಿಲ್ಲ. ಅವಲಕ್ಕಿ, ಶೇಂಗಾ ತಿಂದುಕೊಂಡು ಉಳಿದಳು.

ತಾಲ್ಲೂಕಿನ ಊರಲ್ಲಿ ಅವಳ ಗಂಡ ಶ್ರೀಧರ ಇದ್ದ. ದಿನಾಲೂ ಅವನಿಗೆ ಫೋನು ಮಾಡುತ್ತಿದ್ದಳು.

"ಊಟ ಆತೇನು?"

"ಆತು."

"ಏನ್ ಮಾಡ್ಕೊಂಡಿದ್ರಿ?"

"ಏನಿಲ್ಲ. ಬಾಳೆಹಣ್ಣಿತ್ತು."

"ನಾ ಇನ್ನೂ ಇಲ್ಲೇ ಇದ್ದೇನಿ ಶ್ರೀಧರ. ತಿಂಗಳ ಆತು."

"ಹೌದು."

ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಿದ್ದ. ತಾನಾಗಿ ಒಂದನ್ನೂ ಕೇಳುತ್ತಿರಲಿಲ್ಲ. ಮದುವೆಯಾದ ಹೊಸತರಲ್ಲಿ ಅವನು ಎಷ್ಟು ಕೇಳುತ್ತಿದ್ದನೆಂದರೆ, ಎಲ್ಲಿದ್ದೀ, ಎಷ್ಟೊತ್ತಿಗೆ ಬರ್ತೀ, ಯಾರ ಜೋಡಿ ಬರ್ತೀ ಎಂದು, ಅವಳು ಸಿಡುಕಿ ಫೋನು ಇಡುತ್ತಿದ್ದಳು. ಈಗ ಫೋನನ್ನು ಕಿವಿಗೊತ್ತಿ ಹಿಡಿದು ಅವನ ಉಸಿರು ಕೇಳುತ್ತ ಕೂರುತ್ತಿದ್ದಳು. ಅವನೂ ಇಡುತ್ತಿರಲಿಲ್ಲ. ಇಡಬೇಕೆಂದೂ ಅವನಿಗೆ ಅನ್ನಿಸುತ್ತಿರಲಿಲ್ಲ.

*

ಗುಡ್ಡದ ಆಚೆಯ ಸೀಮೆಯಲ್ಲಿ ಇನ್ನೂ ಕಂಬ ನೆಟ್ಟಿರಲಿಲ್ಲ, ನೆತ್ತಿಯ ಕಂಬದ ಅಲೆ ಈಚೆಗಷ್ಟೇ ತಿರುಗಿತ್ತು. ಈಚೆಯಿಂದ ಬಸ್ಸು ಬರುವುದು ನಿಂತಿತ್ತು, ವಿಚಾರಿಸಲು ಹೋದವರು ತಿರುಗಿ ಬರಲಿಲ್ಲ. ಆದರೂ ಆಚೆಯವರು ಚಿಂತೆ ಮಾಡಲಿಲ್ಲ, ಯಾಕೆಂದರೆ ಈಚೆಯಿಂದ ಒಂದೂ ದೂರು ಹೋಗುತ್ತಿರಲಿಲ್ಲ.

ಲಕ್ಕವ್ವನ ಮಗಳು ನೀಲವ್ವ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದು, ಗುಡ್ಡದ ಈಚೆ ಕಂಬದ ಕೆಳಗಿನ ಕರೇದಿನ್ನಿಯಲ್ಲಿದ್ದಳು. ತಾಯಿ ಹಿಂಡಿನ ಜೋಡಿ ಊರೂರು ತಿರುಗುವವಳಾದ್ದರಿಂದ ಬಾಣಂತನಕ್ಕೆ ಮಾಯಪ್ಪನ ತಾಯಿ, ಮುದುಕಿ ಸೋಮವ್ವ ಇದ್ದಳು. ವಾರಕ್ಕೊಮ್ಮೆ ಸಂತೆಗೆ ಹೋದಾಗಲೇ ಲಕ್ಕವ್ವನಿಗೆ ಫೋನು ಹತ್ತುತ್ತಿದ್ದುದು.

"ನೀಲಾ, ಹೆಂಗದೀ?"

"ಆರಾಮ ಅದೇನಿ. ಗಂಡ ಕೂಸ ಹುಟ್ಟೇತಿ."

"ಎವ್ವ ನನ್ನವ್ವ! ಯಾವಾಗ? ಹೇಳೂದಿಲ್ಲಾ ಹುಚ್ಚೀ?"

"ಎಂಟ ದಿನ ಆತು."

ಹಿಂದೆ ಕೂಸು ಅಳುತ್ತಿತ್ತು. ಬಿಡದೆ, ದನಿ ಒಡೆದು ಅಳುತ್ತಿತ್ತು.

"ಕೂಸು ಅಳಾಕತ್ತೇತಲ್ಲವಾ?"

"ಹೂಂ. ಅಳಾಕತ್ತೇತಿ."

"ಎತಗೋ ಮತ್ತ!"

"ಎತಗೋತೇನಿ," ಎಂದಳು ನೀಲವ್ವ. ಕೂಸಿನ ದನಿ ಹತ್ತಿರ ಬರಲಿಲ್ಲ. ಲಕ್ಕವ್ವ ಬಹಳ ಹೊತ್ತು ಕಾಯ್ದಳು. ಅದು ಇದ್ದಲ್ಲೇ ಅಳುತ್ತಿತ್ತು. ಸಂತೆಯ ಗದ್ದಲದ ನಡುವೆ ನಿಂತ ಲಕ್ಕವ್ವನಿಗೆ, ಎಲೆ ಮೇಯುತ್ತಿದ್ದ ಕುರಿಗಳ ಮುಖ ಕಣ್ಣೆದುರು ಬಂತು.

ಮಾಯಪ್ಪ ತಾನೂ ಬರುತ್ತೇನೆಂದ. ನೂರಾ ಇಪ್ಪತ್ತು ಕುರಿ ಬಿಟ್ಟು ಬರುವಂತಿರಲಿಲ್ಲ. "ಕುರಿಗೆ ಮೂರನೇ ದಿನಕ್ಕ ಹತ್ತಿತು. ನೀ ಎರಡರಾಗ ತಿರುಗಿ ಬಾ," ಎಂದ. ಆಮೇಲೆ ಅವಳ ಗಂಟಿಗೆ ಇನ್ನೆರಡು ರೊಟ್ಟಿ ತುರುಕುತ್ತ, "ಬರ್ತೇನಿ ಅಂದು ಅಲ್ಲೇ ಕುಂತರ, ಎಳಕೊಂಡು ಬರಾಕ ನಾನೂ ಬರೂದಿಲ್ಲ ನೋಡ," ಎಂದ.

ಕರೇದಿನ್ನಿಯ ಸುತ್ತ ಬಿಳಿಜೋಳ ಮಾಗಿ ನಿಂತಲ್ಲೇ ನಿಂತಿತ್ತು. ಹಕ್ಕಿಗಳು ತೆನೆ ತಿನ್ನುತ್ತಿದ್ದವು, ಓಡಿಸುವವರಿಲ್ಲ. ಊರ ಅಗಸೆ ಬಾಗಿಲ ಬಳಿ ಕೆಚ್ಚಲು ಬಾತ ಎಮ್ಮೆ ನಿಂತಿತ್ತು. ಅಂಗಡಿ ತೆರೆದಿತ್ತು, ಒಳಗೆ ಇಲಿಗಳಿದ್ದವು. ಕಟ್ಟೆಯ ಮೇಲೆ ಐದಾರು ಮಂದಿ ಕೂತಿದ್ದರು, ಅಂಚಿನಲ್ಲಿ ಒಬ್ಬ ಮಲಗಿದ್ದ. ಅವನ ಮೇಲೆ ನೊಣ ಮುತ್ತಿದ್ದವು.

"ಬಂದ್ಯಾ ಲಕ್ಕವ್ವಾ," ಎಂದ ಒಬ್ಬ, ಸಂತೋಷದಿಂದಲೇ.

"ಕಾಕಾ, ಅಂವಾ ಸತ್ತಾನಲ್ಲೋ!"

"ಹೌದವಾ. ಮಣ್ಣ ಮಾಡಬೇಕು."

ಯಾರೂ ಏಳಲಿಲ್ಲ.

ಮನೆಯಲ್ಲಿ ನೀಲವ್ವ ಗೋಡೆಗೆ ಒರಗಿ ಕೂತಿದ್ದಳು. ಕೂಸು ನಾಲ್ಕು ಮೊಳ ಆಚೆ, ಒದ್ದೆ ಕೌದಿಯ ಮೇಲಿತ್ತು. ತಾಯಿಯನ್ನು ಕಂಡು ನೀಲವ್ವ ನಕ್ಕಳು.

"ಆಯಿ ಎಲ್ಲಿ?"

"ಒಳಗ. ಮೊನ್ನೆ ಸತ್ತಳು."

ಲಕ್ಕವ್ವ ಒಳಗೆ ಹೋಗಿ ನೋಡಿದಳು. ತನ್ನ ಕಂಬಳಿ ಬಿಚ್ಚಿ ಅತ್ತೆಯ ಮೇಲೆ ಹೊದಿಸಿ, ಬಾಗಿಲು ಎಳೆದುಕೊಂಡು ಬಂದಳು. ಕೂಸನ್ನು ತೊಳೆದು ಮಗಳ ಎದೆಗೆ ಹಚ್ಚಿದಳು. ಅದು ಕುಡಿಯಿತು. ನೀಲವ್ವ ಕೈ ಹಚ್ಚಿ ಹಿಡಿಯಲಿಲ್ಲ.

"ಹಾಲು ಕುಡಸತೀ ಇಲ್ಲೋ ಇದಕ್ಕ?"

"ಎದಿ ಬಿಗದು ನೋಯತೇತಲ್ಲಾ, ಆವಾಗ ಕುಡಸತೇನಿ."

"ಇದು ಅತ್ತಾಗ?"

ನೀಲವ್ವ ಆ ಪ್ರಶ್ನೆಯನ್ನು ಅರ್ಥ ಮಾಡಿಕೊಳ್ಳಲು ಯತ್ನಿಸಿದಳು. ಅವಳ ಹುಬ್ಬು ಸ್ವಲ್ಪ ಕೂಡಿತು, ಮತ್ತೆ ಸಡಿಲಾಯಿತು.

ಆ ದಿನವೆಲ್ಲ ಲಕ್ಕವ್ವ ಮಗಳನ್ನು ಎಬ್ಬಿಸಲು ನೋಡಿದಳು. ಬೈದಳು, ಬೇಡಿದಳು, ಕೆನ್ನೆಗೆ ಹೊಡೆದಳು. ನೀಲವ್ವ ಎಲ್ಲದಕ್ಕೂ ಬರುತ್ತೇನೆ ಎಂದಳು. ಕೈ ಹಿಡಿದು ಎಳೆದರೆ ಎದ್ದು ಹತ್ತು ಹೆಜ್ಜೆ ಬರುತ್ತಿದ್ದಳು, ಬಿಟ್ಟರೆ ಅಲ್ಲೇ ಕೂರುತ್ತಿದ್ದಳು. ಕೂಸನ್ನೂ ಹೊತ್ತು, ಬೆಳೆದ ಮಗಳನ್ನೂ ಎಳೆದುಕೊಂಡು ಗುಡ್ಡ ದಾಟುವುದು ಆಗದ ಮಾತು.

ಮರುದಿನ ಬೆಳಗ್ಗೆ ಲಕ್ಕವ್ವ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಒಂದು ಬೇಯಿಸಿದಳು, ಇನ್ನೊಂದು ಬೇಯಿಸಿದಳು. ನಾಲ್ಕನೆಯದನ್ನು ತಿರುವಿ ಹಾಕುವಾಗ ಗೊತ್ತಾಯಿತು: ಕೂಸು ಮೊದಲನೆಯ ರೊಟ್ಟಿಯಿಂದಲೂ ಅಳುತ್ತಿತ್ತು. ತನಗೆ ಕೇಳಿಸಿತ್ತು. ಇದನ್ನೊಂದು ಮುಗಿಸಿ ಏಳೋಣ ಎಂದುಕೊಂಡಿದ್ದಳು. ಕುರಿಗಳ ಜೋಡಿ ಆ ಕಂಬದ ಕೆಳಗೆ ಐದು ದಿನ ಕಳೆದ ಮೈ ಅದು, ಈ ಸಲ ಬೇಗ ಸೋಲುತ್ತಿತ್ತು. ಹಂಚು ಉರಿಯುತ್ತಿದ್ದಂತೆ ಬಿಟ್ಟು ಎದ್ದಳು. ಕೂಸನ್ನು ಸೆರಗಿನಲ್ಲಿ ಎದೆಗೆ ಕಟ್ಟಿಕೊಂಡಳು, ಮೂಲೆಯ ಕೊಡಲಿ ತೆಗೆದುಕೊಂಡಳು.

"ನೀಲಾ, ನಿನ್ನ ಮಗನ್ನ ಒಯ್ಯಾಕತ್ತೇನಿ."

"ಹೂಂ ಎವ್ವಾ," ಎಂದಳು ನೀಲವ್ವ.

ಲಕ್ಕವ್ವ ಹೊಸ್ತಿಲಲ್ಲಿ ಒಂದು ಗಳಿಗೆ ನಿಂತಳು. ಬೇಡ ಎಂದಾಳು ಎಂದು ಕಾಯ್ದಳು.

*

ಕೋಣೆಯ ಬಾಗಿಲಿಗೆ ಬಿದ್ದ ಕೊಡಲಿಯ ಮೊದಲ ಏಟಿಗೆ ಪ್ರಫುಲ್ಲಾ ಬೆಚ್ಚಿ ಎದ್ದಳು. ಆ ತಾಲ್ಲೂಕಿನಲ್ಲಿ ಏನನ್ನಾದರೂ ಒಡೆಯಬೇಕೆಂದು ಅನ್ನಿಸಿದ ಒಬ್ಬರಾದರೂ ಉಳಿದಿದ್ದಾರೆ! ಬಾಗಿಲು ತೆರೆದಾಗ ಕೊಡಲಿ ಅವಳ ನೆತ್ತಿಯ ಮೇಲಿತ್ತು.

"ಒಳಗ ಬರ್ರಿ! ಹೊರಗ ನಿಂದರಬ್ಯಾಡ್ರಿ, ಮೊದಲು ಒಳಗ ಬರ್ರಿ!"

"ನೀನಽ ಏನು ಇದನ್ನ ನಡಸಾಕಿ?"

"ಹೌದು, ನಾನಽ. ಆಮ್ಯಾಲೆ ಹೊಡೀರಿ. ಕೂಸಿನ್ನ ಒಳಗ ತಗೊಂಡು ಬರ್ರಿ."

ಜಾಲರಿಯ ಒಳಗೆ ಕೂತ ಸ್ವಲ್ಪ ಹೊತ್ತಿಗೆ ಲಕ್ಕವ್ವ, ಅತ್ತೆ ಸತ್ತದ್ದು ಆಗ ನೆನಪಾದಂತೆ, ಬಿಕ್ಕಿದಳು. ಪ್ರಫುಲ್ಲಾ ನೀರು ಕೊಟ್ಟು, ಅವಳ ಹೆಸರು, ಊರು, ಮಗಳ ಸುದ್ದಿ ಕೇಳಿ ತಿಳಿದು, ಕಂಬದ ಸಂಗತಿ ಎಲ್ಲವನ್ನೂ ಹೇಳಿದಳು. ಎರಡು ಹಲಗೆ, ಎರಡು ಕೈ.

"ಅಷ್ಟಽ? ಕೈ ಇಡೂದಷ್ಟಽ?" ಲಕ್ಕವ್ವ ಎದ್ದೇಬಿಟ್ಟಳು.

"ಒಂದು ಮಾತ ಕೇಳ್ರಿ ಲಕ್ಕವ್ವ. ನಿಲ್ಲಿಸಿದರ ಎಲ್ಲಾರಿಗೂ ಒಮ್ಮೆಲೇ ತಿರುಗಿ ಬರತದ. ಇಷ್ಟು ದಿನದಾಗ ಮನ್ಯಾಗ ಯಾರ್ಯಾರು ಸತ್ತಾರ, ಯಾರು ಕರದಾಗ ತಾವು ಏಳಲಿಲ್ಲ, ಎಲ್ಲಾ ಒಂದಽ ತಾಸಿನ್ಯಾಗ. ತಡಕೊಳ್ಳಲಿಕ್ಕೆ ಆಗದವರು ಇರತಾರ. ಬಾವಿ ನೋಡತಾರ. ನಿಮ್ಮ ಮಗಳೂ..." ಅವಳು ಮುಂದೆ ಹೇಳಲಿಲ್ಲ. "ಒಬ್ಬಾಕಿ ಇದ್ದಾಗ ಯಾರರಽ ಬರಲಿ ಅಂತ ದಿನಾ ಹಂಬಲಿಸಿದೆ. ಈಗ ನೀವು ಬಂದೀರಿ, ನನ್ನ ಕೈ ಏಳವಲ್ಲದು."

ಲಕ್ಕವ್ವ ಕೆಳಗೆ ಕೂತಳು. ಸೆರಗು ಬಿಚ್ಚಿ ಕೂಸನ್ನು ನೆಲದ ಮೇಲೆ ಮಲಗಿಸಿದಳು. ಅದರ ಕಣ್ಣು ತೆರೆದಿದ್ದವು. ತುಟಿ ಒಣಗಿತ್ತು. ಅಳುತ್ತಿರಲಿಲ್ಲ.

"ಬೆಳಿಗ್ಗಿ ಮನಿ ಬಿಟ್ಟಾಗಿಂದ ಅಳೂದು ಬಿಟ್ಟೇತಿ," ಎಂದಳು. "ಹಾದ್ಯಾಗ ಚಿವುಟಿ ನೋಡಿದೆ. ಬಾಯಿ ತೆರೀತು, ದನಿ ತೆಗೀಲಿಲ್ಲ. ಯಾರೂ ಬರೂದಿಲ್ಲಾಂತ ಅದಕ್ಕ ತಿಳದೇತಿ ಅಕ್ಕಾರ. ಹನ್ನೊಂದ ದಿನದ ಕೂಸು."

ಪ್ರಫುಲ್ಲಾ ಅದನ್ನು ನೋಡುತ್ತ ನಿಂತಳು. ಆಮೇಲೆ ಎದುರು ಗೋಡೆಗೆ ಹೋಗಿ ಅಂಗೈ ಊರಿದಳು.

ಐದು ನಿಮಿಷ ಇಬ್ಬರೂ ಒಬ್ಬರಿಗೊಬ್ಬರು ಬೆನ್ನು ಮಾಡಿ ನಿಂತರು. ನಡುವೆ ಕೂಸು. ಒಂದು ಸಲ ಲಕ್ಕವ್ವ, "ಉಸಿರಾಡಾಕತ್ತೇತೇನು, ನೋಡ್ರಿ," ಎಂದಳು. "ಆಡ್ಲಿಕತ್ತದ, ಆಡ್ಲಿಕತ್ತದ. ಕೈ ತಗೀಬ್ಯಾಡ್ರಿ," ಎಂದಳು ಪ್ರಫುಲ್ಲಾ. ಇಷ್ಟು ದಿನ ಕಿವಿಗೆ ರೂಢಿಯಾಗಿ ಹೋಗಿದ್ದ ಒಂದು ಸಣ್ಣ ಗುಂಯ್ ಸದ್ದು ನಿಂತಿತು.

ಪ್ರಫುಲ್ಲಾ ಫೋನಿಗೆ ಕೈ ಹಾಕಿದಳು. ಶ್ರೀಧರನ ಫೋನು ಮೊದಲು ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದಳು, ಮತ್ತೆ ಮಾಡಿದಳು. ಮುಕ್ಕಾಲು ತಾಸಿನ ಮೇಲೆ ರಿಂಗಾಗುವುದೂ ನಿಂತು, ಈ ಮಾರ್ಗದ ಎಲ್ಲ ಸಾಲುಗಳೂ ಕಾರ್ಯನಿರತವಾಗಿವೆ ಎಂದು ಧ್ವನಿ ಹೇಳಿತು. ಅವಳಿಗೆ ತಿಳಿಯಲಿಲ್ಲ, ಆಮೇಲೆ ತಿಳಿಯಿತು: ಎಲ್ಲರೂ ಎಲ್ಲರನ್ನೂ ಕರೆಯುತ್ತಿದ್ದರು. ಫೋನು ಹಿಡಿದುಕೊಂಡೇ ನಕ್ಕಳು, ನಗುತ್ತಲೇ ಬಾಯಿಗೆ ಸೆರಗು ಒತ್ತಿಕೊಂಡಳು.

ಲಕ್ಕವ್ವ ಬಾಗಿಲಲ್ಲಿ ಕೂತು ಬೆರಳಿನಿಂದ ನೀರು ಅದ್ದಿ ಕೂಸಿನ ನಾಲಗೆಗೆ ಸವರುತ್ತಿದ್ದಳು. ನಡು ಹಗಲು. ಕೆಳಗೆ ಕರೇದಿನ್ನಿಯ ಕಡೆಯಿಂದ ಮೊದಲು ಒಂದು ದನಿ ಬಂತು. ಆಮೇಲೆ ಇನ್ನೊಂದು. ಆಮೇಲೆ ಎಣಿಸಲಾಗಲಿಲ್ಲ. ಆಚೆಯ ಊರಿನಿಂದ, ಅದರಾಚೆಯ ಊರಿನಿಂದ, ಇಡೀ ಬಯಲಿನಿಂದ ಗೋಳು ಎದ್ದು ಗುಡ್ಡಕ್ಕೆ ಬಡಿಯಿತು. ರಸ್ತೆಗಳ ಮೇಲೆ ಜನ ಓಡುತ್ತಿದ್ದರು, ಒಬ್ಬೊಬ್ಬರು ಒಂದೊಂದು ದಿಕ್ಕಿಗೆ. ಬಾವಿಯ ಕಡೆ ಹೋದವರೂ ಇದ್ದರು. ಅವರನ್ನು ಹಿಡಿಯಲು ಓಡಿದವರೂ ಇದ್ದರು; ಲಕ್ಕವ್ವ ಅದನ್ನೂ ನೋಡಿದಳು.

ಗುಡ್ಡದ ಕಾಲುದಾರಿಯಲ್ಲಿ ಒಬ್ಬಳು ಬಿದ್ದು ಎದ್ದು ಬರುತ್ತಿದ್ದಳು. ತಲೆ ಕೆದರಿತ್ತು, ಮೊಣಕಾಲು ಒಡೆದಿತ್ತು. ನೀಲವ್ವ ತಾಯಿಯ ಮುಂದೆ ಬಂದು ನಿಂತಳು. ಕೂಸಿಗೆ ಕೈ ಚಾಚಿದಳು, ಮುಟ್ಟಲು ಹೆದರಿ ಹಿಂದೆ ತೆಗೆದಳು.

"ಎವ್ವಾ, ನನಗ ಕೇಳಸತಿತ್ತು," ಎಂದಳು. "ಅಳೂದು ಎಲ್ಲಾ ಕೇಳಸತಿತ್ತು. ಒಂದಽ ಒಂದ ಸಲಾನೂ ಕೇಳಸಲಿಲ್ಲಾ ಅಂತಿಲ್ಲ."

ಲಕ್ಕವ್ವ ಕೂಸನ್ನು ಅವಳ ತೋಳಿಗೆ ಹಾಕಿದಳು. ಅದು ತಾಯಿಯ ಮುಖವನ್ನು ನೋಡಿತು, ಯಾರನ್ನೋ ನೋಡುವಂತೆ. ಎದೆಗೆ ಹಚ್ಚಿದರೆ ಬಾಯಿ ತೆರೆಯಲಿಲ್ಲ. ನೀಲವ್ವ ಹಾಲು ಹಿಂಡಿ ಅದರ ತುಟಿಗೆ ಸವರಿದಳು. ಬೆನ್ನು ಉಜ್ಜಿದಳು, ಪಾದ ಉಜ್ಜಿದಳು, ಹೆಸರಿಡದ ಕೂಸನ್ನು ಬಾಯಿಗೆ ಬಂದ ಹೆಸರಿನಿಂದೆಲ್ಲ ಕರೆದಳು. ಹೊತ್ತು ಇಳಿಯತೊಡಗಿದಾಗ ಅದು ಮೂಗು ಸೊಟ್ಟ ಮಾಡಿ, ಬಹಳ ಸಣ್ಣಗೆ, ಅಳತೊಡಗಿತು.

ರಾತ್ರಿ ಶ್ರೀಧರನ ಕರೆ ಹತ್ತಿತು, ಎಲ್ಲಿದ್ದೀ ಎಂದು ಕೇಳಿದ. ಪ್ರಫುಲ್ಲಾ ಎರಡು ದಿನದ ಮೇಲೆ ಪಕ್ಕದ ತಾಲ್ಲೂಕಿನ ಕಂಬದ ಕಡೆ ಹೊರಟಳು. ಅಲ್ಲಿಯೂ ಎರಡು ಕೈ ಬೇಕಿತ್ತು. ಹಿಂಡನ್ನು ಗುಡ್ಡದಾಚೆಯವರಿಗೆ ಒಪ್ಪಿಸಿ ಮಾಯಪ್ಪ ಅವಳ ಜೋಡಿ ಹೋದ. ಸೋಮವ್ವನನ್ನು, ಕಟ್ಟೆಯ ಮೇಲಿದ್ದವನನ್ನು, ಇನ್ನೂ ಇಪ್ಪತ್ತಮೂರು ಮಂದಿಯನ್ನು ಒಂದೇ ಹೊಲದಲ್ಲಿ ಮಣ್ಣು ಮಾಡಿದರು. ಜೋಳದಲ್ಲಿ ಹಕ್ಕಿ ಬಿಟ್ಟಷ್ಟನ್ನು ಕೊಯ್ದರು.

ಆ ಹುಡುಗನಿಗೆ ಈಗ ಮಾತು ಬರುತ್ತದೆ. ಅವನು ಕರೆಯುವ ಮೊದಲೇ ನೀಲವ್ವ ಎದ್ದಿರುತ್ತಾಳೆ. ರೊಟ್ಟಿ ಹೊತ್ತಲಿ, ಹಾಲು ಉಕ್ಕಲಿ, ಹೊಲದ ಆ ತುದಿಯಲ್ಲಿರಲಿ, ಎದ್ದು ಓಡುತ್ತಾಳೆ. ಸುಮ್ಮನೆ ಆಡಿಕೊಂಡಿದ್ದರೂ ಹೋಗಿ ನೋಡಿ ಬರುತ್ತಾಳೆ.

"ಸಾಕ ಬಿಡ ನೀಲಾ, ಎಷ್ಟಂತ ಓಡತೀ?" ಎಂದು ಲಕ್ಕವ್ವ ಒಂದು ದಿನ ಕೇಳಿದಳು.

"ಇನ್ನೂ ಹನ್ನೊಂದ ದಿನದ ಬಾಕಿ ಹಂಗಽ ಐತಿ ಎವ್ವಾ," ಎಂದಳು ನೀಲವ್ವ. ಅಷ್ಟರಲ್ಲಿ ಹಿತ್ತಿಲಲ್ಲಿ ಹುಡುಗ ಕೆಮ್ಮಿದ. ಅವಳು ಕೈಯಲ್ಲಿದ್ದ ಹಿಟ್ಟನ್ನು ಪರಾತದಲ್ಲಿ ಬಿಟ್ಟು ಎದ್ದು ಹೋದಳು.